ತಿದ್ದಿದ ಅಂಕಿ

೧೯೯೬ರ ಒಂದು ಬೆಳಿಗ್ಗೆ ಸಕಲೇಶಪುರ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು ಕೂತಿದ್ದರು. ಯುರೋಪಿನ ದೊಡ್ಡ ಕಣಯಂತ್ರವೊಂದರಲ್ಲಿ ಹುಟ್ಟುವ ಝಡ್ ಬೋಸಾನ್ ಎಂಬ ಕಣ ಬೇರೆ ಕಣಗಳೊಡನೆ ಎಷ್ಟು ಬಲವಾಗಿ ಬೆಸೆದುಕೊಳ್ಳುತ್ತದೆ ಎಂದು ಅಳೆಯುವುದು ಅವರ ಕೆಲಸವಂತೆ.

"ಮೂರು ವರ್ಷ ಅಳೆದೋಳು ನಾನು, ಲೋಹಿತ್."

"ಇಲ್ಲ ಅಂದ್ನಾ, ಸುಮನಾ?"

"ಅಳತೆ ತಪ್ಪಾಗೈತೆ ಅಂತ ನಿನಗೊಬ್ಬನಿಗೇ ಹೇಳಿದ್ದೆ. ಯಂತ್ರದ ಒಂದು ಭಾಗ ಕೆಟ್ಟಿತ್ತು, ನಾನು ಅದರ ಲೆಕ್ಕಾನೂ ಸೇರಿಸ್ಬುಟ್ಟಿದ್ದೆ."

"ನಮ್ ಗೈಡ್ ಸರ್ ಕೇಳಿದ್ರು ಕಣೇ. ಹೇಳ್ಬುಟ್ಟೆ."

"ಹೇಳಿದ್ರೆ ಹೇಳ್ದೆ, ಬೇಡ ಅನ್ನಲ್ಲ. ಆಮೇಲೆ ಅದನ್ನ ತೆಗೆದು ನಾನೇ ತಿದ್ದಿದ ಅಂಕಿ ನಿಂದು ಹೆಂಗಾಯ್ತು?"

"ಪ್ರಬಂಧದಲ್ಲಿ ನಾನೂರು ಜನರ ಹೆಸರೈತೆ. ನಿಂದೂ ಐತೆ."

"ಸಮ್ಮೇಳನದಲ್ಲಿ ಎದ್ದು ನಿಂತು ಓದಿದ್ದು ನಾನೂರು ಜನಾನಾ?"

ಅವನು ಬಸ್ಸು ಬರುವ ದಾರಿಯ ಕಡೆ ನೋಡಿದ.

"ಕೊನೇ ಸಾಲಲ್ಲಿ ಕೂತಿದ್ದೆ ಕಣೋ. ಈಗ ನನ್ ಹೆಸರು ಹೇಳ್ತಾನೆ, ಈಗ ಹೇಳ್ತಾನೆ ಅಂತ ಕಾಯ್ತಾ ಕಾಯ್ತಾ ಚಪ್ಪಾಳೆನೂ ತಟ್ಬುಟ್ಟೆ."

ಹೊಂಗಡಹಳ್ಳದ ಬಸ್ಸು ಬಂತು. ಅವನು ಅವಳ ಚೀಲ ಎತ್ತಿಕೊಡಲು ಕೈ ಹಾಕಿದ.

"ಬುಡು. ಇದನ್ನಾದ್ರೂ ನಾನೇ ತಗೊಂಡೋಯ್ತೀನಿ."

ಅವಳು ಒಬ್ಬಳೇ ಬಸ್ಸು ಹತ್ತಿದಳು.