ಎದೆ ಡವಡವಕ್ಕೆ ಕೊಟ್ಟ ಮಾತ್ರೆ

"ಅಪ್ಪ ಹೋದ ಸುದ್ದಿ ಬಂದ ದಿನ ಎದೆ ಡವಡವ ಅಂತದೆ ಅಂತ ಕೊಟ್ಟ ಮಾತ್ರೆ ಅದು. ಇನ್ನೂ ನುಂಗ್ತಾ ಇದ್ದಿಯಲ್ಲ ಅಮ್ಮ."

ಕಡಬದ ಡಾಕ್ಟರರ ಬಾಗಿಲಲ್ಲಿ ಸರದಿಗೆ ಕಾಯುತ್ತಿದ್ದ ವೆಂಕಪ್ಪ ಗೌಡರಿಗೆ ಪಕ್ಕದ ಬೆಂಚಿನ ಈ ಮಾತು ಕೇಳಿಸಿತು. ಮಾತಾಡುತ್ತಿದ್ದವರು ತಾಯಿ, ಮಗಳು.

"ಬಿಡ್ತೇನೆ ಅಂತ ಹೇಳಿದ್ದೇನಲ್ಲ ಸುಪ್ರಿತಾ."

"ಉತ್ತರಕ್ರಿಯೆಯ ಬೊಜ್ಜ ಕಳೀಲಿ ಅಂದಿ. ಮಳೆಗಾಲದ ಆಟಿ ತಿಂಗಳು ಕಳೀಲಿ ಅಂದಿ. ಈಗ ವರ್ಷಾಂತಿಕ ಮುಗೀಲಿ ಅಂತ ಹೇಳ್ತಿ. ಅಪ್ಪನ ಕರ್ಮಕ್ಕೂ ನಿನ್ನ ಮಾತ್ರೆಗೂ ಎಂತ ಸಂಬಂಧ?"

"ನಡುವೆ ಒಮ್ಮೆ ಬಿಟ್ಟಿದ್ದೆ ಮಾರಾಯ್ತಿ. ಕೈ ನಡುಗಿ ತಟ್ಟೆ ಹಿಡಿಲಿಕ್ಕೆ ಆಗ್ಲಿಲ್ಲ."

"ಒಮ್ಮೆಲೇ ಬಿಡ್ಲಿಕ್ಕೆ ಯಾರು ಹೇಳಿದ್ದು? ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡ್ಬೇಕು ಅಂತ ಡಾಕ್ಟ್ರು ಹೇಳಿರ್ಲಿಲ್ವಾ? ಮತ್ತೆ ನೆರೆಮನೆ ಅಕ್ಕನಿಗೂ ಕೊಟ್ಟಿದ್ದಿ. ಅದು ಎಂತ ಪ್ರಸಾದವಾ ಹಂಚ್ಲಿಕ್ಕೆ?"

"ಅವಳಿಗೂ ನಿದ್ರೆ ಇಲ್ಲ, ಪಾಪ."

"ನಿನಗೆ ಉಂಟಾ?"

ತಾಯಿ ದನಿ ತಗ್ಗಿಸಿದರು.

"ಈಗ ಎರಡು ನುಂಗಿದ್ರೂ ಬರುದಿಲ್ಲ."

"ಎರಡಾ? ನನ್ನ ಹತ್ರ ಒಂದು ಅಂತ ಅಲ್ವಾ ಹೇಳಿದ್ದು?"

"ಹೇಳಿದ್ರೆ ಹೀಗೆ ಬೈತಿ ಅಂತ."

"ಒಳಗೆ ನೀನು ಹೇಳ್ತಿಯಾ, ನಾನು ಹೇಳ್ಬೇಕಾ?"

"ನಾನೇ ಹೇಳ್ತೇನೆ. ನೀನು ನಡುವೆ ಬಾಯಿ ಹಾಕ್ಬೇಡ."

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಮಗಳು ಗೊಣಗುತ್ತಲೇ ತಾಯಿಯ ಕೈ ಹಿಡಿದು ಎಬ್ಬಿಸಿದಳು. ಇಬ್ಬರೂ ಒಳಗೆ ಹೋದರು.

ವೆಂಕಪ್ಪ ಗೌಡರು ಕಣ್ಣು ಮುಚ್ಚಿದರು. ಹೋದ ತಿಂಗಳು ತೀರಿಕೊಂಡ ಹೆಂಡತಿಗಾಗಿ ದಿನವೂ ಬೇಡಿಕೊಳ್ಳುವುದನ್ನೇ, ಹೆಸರೇ ತಿಳಿಯದ ಆ ತೀರಿಹೋದ ಅಪ್ಪನನ್ನೂ ಸೇರಿಸಿ ಬೇಡಿಕೊಂಡರು: "ಸ್ವಾಮೀ ಸುಬ್ರಹ್ಮಣ್ಯ, ಹೋದವರನ್ನು ನಿನ್ನ ಪಾದದಲ್ಲಿ ಶಾಂತಿಯಿಂದ ಇಟ್ಟುಕೋ."