ದಲ್ಲಾಳಿಯ ಟವಲಿನ ಕೆಳಗೆ ಕೈ ಹಾಕಿದ ಬಗ್ಗೆ

ನನ್ನ ಹೆಸರು ಚಾಂದಬಿ, ಗಂಡ ಬಾಬಾಜಾನ, ವಯಸ್ಸು ಅಂದಾಜು ಮೂವತ್ತೆಂಟು, ಉದ್ಯೋಗ ಒಕ್ಕಲುತನ, ಸಾಕಿನ್ ಚಿಕ್ಕೇರೂರ, ತಾಲೂಕಾ ಹಿರೇಕೆರೂರ. ದನದ ದಲ್ಲಾಳಿ ದ್ಯಾಮಣ್ಣನು ನನ್ನ ಮೇಲೆ ಕೊಟ್ಟ ಫಿರ್ಯಾದಿಯ ಬಗ್ಗೆ ಹವಾಲ್ದಾರರು ಕೇಳಲಾಗಿ ನಾನು ಹೇಳಿ ಬರೆಸುವುದೇನೆಂದರೆ:

ಹೋಳಿಯ ಮರುವಾರ ನಮ್ಮ ಜೋಡಿಯಲ್ಲಿ ಒಂದು ಎತ್ತು ಹಾವು ಕಡಿದು ಸತ್ತಿತು. ಅದೇ ತಿಂಗಳು ನನ್ನ ಗಂಡ ಬಣವೆಯಿಂದ ಬಿದ್ದು ಕಾಲು ಮುರಿದುಕೊಂಡರು. ಒಂಟಿ ಎತ್ತಿನಿಂದ ಕೂರಿಗೆ ಹೂಡಲಾಗುವುದಿಲ್ಲ. ಉಳಿದ ಕಿಲಾರಿ ಎತ್ತನ್ನು ಮಾರಿ ಎರಡು ಸಣ್ಣ ಹೋರಿ ತರಬೇಕು, ಇಲ್ಲದಿದ್ದರೆ ಈ ವರ್ಷ ಹೊಲ ಬೀಳು ಎಂದು ಮಾತಾಡಿಕೊಂಡೆವು. ಪಳಗಿದ ಹೋರಿಗಳ ಜೋಡಿ ಎಪ್ಪತ್ತೈದು ರೂಪಾಯಿಗಿಂತ ಕಡಿಮೆಗೆ ಸಿಗುವುದಿಲ್ಲ.

ಇಂದು ಬೆಳಿಗ್ಗೆ ಐದು ಗಂಟೆಗೆ ಎತ್ತು ಹೊಡೆದುಕೊಂಡು ಹೊರಟು, ಐದು ಮೈಲು ನಡೆದು, ಎಂಟಕ್ಕೆ ಹಂಸಭಾವಿಯ ದನದ ಪೇಟೆ ಮುಟ್ಟಿದೆ. ಈ ಗಂಟೆಯ ಲೆಕ್ಕ ಬರೆದು ಹಾಕಿದವರು ಹವಾಲ್ದಾರರು. ನಾನು ಹೇಳಿದ್ದು ಹೊತ್ತು ಹುಟ್ಟುವ ಮೊದಲು ಎಂದಷ್ಟೇ.

ಪೇಟೆಯ ಪದ್ಧತಿ ಹೀಗಿದೆ. ದಲ್ಲಾಳಿ ಟವಲಿನ ಕೆಳಗೆ ಒಬ್ಬೊಬ್ಬ ಗಿರಾಕಿಯ ಕೈ ಹಿಡಿಯುತ್ತಾನೆ. ಗಿರಾಕಿ ಅವನ ಬೆರಳು ಹಿಡಿದು ದರ ತಿಳಿಸುತ್ತಾನೆ. ಮೊದಲು ಹತ್ತರ ಲೆಕ್ಕ, ಆಮೇಲೆ ಬಿಡಿ ರೂಪಾಯಿ. ಇಡೀ ಕೈ ಎಂದರೆ ಐದು, ಅದಕ್ಕೂ ಮೇಲಾದರೆ ಇಡೀ ಕೈ ಹಿಡಿದು ಉಳಿದಷ್ಟು ಬೆರಳನ್ನು ಮತ್ತೆ ಹಿಡಿಯಬೇಕು. ಬಾಯಿಂದ ಯಾರೂ ಆಡುವುದಿಲ್ಲ. ಎಲ್ಲಕ್ಕಿಂತ ಹೆಚ್ಚಿನ ದರ ಯಾವುದೆಂದು ದಲ್ಲಾಳಿಯೇ ಬಂದು ಮಾರುವವರಿಗೆ ಹೇಳಬೇಕು. ನನ್ನ ತಂದೆ ಶೇಖಸಾಬ ಸವಣೂರಿನಲ್ಲಿ ನಲವತ್ತು ವರ್ಷ ಇದೇ ದಲ್ಲಾಳಿತನ ಮಾಡಿದವರು. ಗಂಡುಮಕ್ಕಳಿರಲಿಲ್ಲವಾದ್ದರಿಂದ ಬೆರಳಿನ ಲೆಕ್ಕವನ್ನು ನನಗೇ ಕಲಿಸಿದ್ದರು. ದ್ಯಾಮಣ್ಣನಿಗೆ ಇದು ಗೊತ್ತಿರಲಿಲ್ಲ, ಪಾಪ.

ಒಂಬತ್ತೂವರೆಗೆ ಅವನು ನನ್ನ ಎತ್ತಿನ ಸಲುವಾಗಿ ಮೂವರ ಕೈ ಹಿಡಿದ. ಕೊನೆಯವರು ರಟ್ಟೀಹಳ್ಳಿಯ ಫಕ್ಕೀರಗೌಡರು. ಅವರು ಹತ್ತು ಮಾರು ದೂರ ಹೋಗಿ ನಿಂತ ಮೇಲೆ ದ್ಯಾಮಣ್ಣ ನನ್ನ ಕಿವಿಯ ಹತ್ತಿರ ಬಂದು, “ಗೌಡ್ರದ ಹೆಚ್ಚು, ಐವತ್ತೊಂದು. ಅದರ ಮ್ಯಾಲ ಒಂದ ಕವಡಿ ಇಲ್ಲ ನೋಡವಾ. ಹೆಣಮಗಳು ಒಬ್ಬಾಕಿ ಬಂದಿ ಅಂತ ಇಷ್ಟರ ತಂದೇನಿ,” ಎಂದ.

ಐವತ್ತೊಂದು ಎಂದರೆ ಇಡೀ ಕೈ, ಆಮೇಲೆ ಒಂದು ಬೆರಳು. ಎರಡೇ ಹಿಡಿತ. ಗೌಡರು ಹಿಡಿದಾಗ ಟವಲು ಮೂರು ಸಲ ಅಲುಗಿದ್ದನ್ನು ನಾನು ಎತ್ತಿನ ಕೊರಳ ಪಕ್ಕದಲ್ಲೇ ನಿಂತು ನೋಡಿದ್ದೆ. ಐವತ್ತೊಂದಕ್ಕೆ ಮೂರನೆಯ ಹಿಡಿತ ಬೇಕಾಗುವುದಿಲ್ಲ.

ದ್ಯಾಮಣ್ಣನ ಹೆಗಲಿನಿಂದ ಟವಲು ಎಳೆದುಕೊಂಡು ಗೌಡರ ಮುಂದೆ ಹೋಗಿ, ನನ್ನ ಕೈಯಲ್ಲಿ ಇನ್ನೊಮ್ಮೆ ದರ ಹೇಳಬೇಕೆಂದು ಕೇಳಿದೆ. ಅವರು ಹಿಂದೆ ಸರಿದು, “ಏ ತಂಗಿ, ಹೆಣಮಕ್ಕಳ ಕೈ ಹೆಂಗ ಹಿಡೀಲಿ? ಮಂದಿ ಏನಂದಾರು?” ಎಂದರು. “ಕೈ ಹಿಡೀಬ್ಯಾಡ್ರಿ ಗೌಡ್ರ, ದರ ಹಿಡೀರಿ,” ಎಂದೆ. ಅವರು ನಕ್ಕುಬಿಟ್ಟರು. ಟವಲಿನ ಕೆಳಗೆ ಇಡೀ ಕೈ ಹಿಡಿದರು, ಆಮೇಲೆ ಮೂರು ಬೆರಳು, ಆಮೇಲೆ ಎರಡು.

ಎಂಬತ್ತೆರಡು ಎಂದು ನಾನು ಚೀರಿದೆನೆಂದು ಫಿರ್ಯಾದಿಯಲ್ಲಿದೆ. ಚೀರಲಿಲ್ಲ. ಇಡೀ ಪೇಟೆಗೆ ಕೇಳುವಂತೆ ಹೇಳಿದೆ. “ಹೌದು, ಅಷ್ಟ ಹೇಳೇನಿ. ಕಡಿಮಿ ಹೇಳಿದಾವ ಯಾಂವ?” ಎಂದು ಗೌಡರು ಕೇಳಿದರು. ಬೆರಳು ತಪ್ಪಿ ತಿಳಿಯಿತು ಎಂದ ದ್ಯಾಮಣ್ಣ. ಮೂವತ್ತೊಂದು ರೂಪಾಯಿಯಷ್ಟು ತಪ್ಪುವ ಬೆರಳನ್ನು ಎಲುಬು ಕೂಡಿಸುವವರಿಗೆ ತೋರಿಸು ಎಂದೆ. ಸುತ್ತಲಿನ ಮಂದಿ ಬಿದ್ದು ಬಿದ್ದು ನಕ್ಕರು.

ಟವಲು ಸಾಕು, ಬಾಯಿ ಬಿಟ್ಟೇ ಲಿಲಾವು ಆಗಲಿ ಎಂದು ಅಲ್ಲೇ ಕೂಗಿಸಿದೆ. ಹಾನಗಲ್ಲಿನವರೊಬ್ಬರು ಎಂಬತ್ತೆಂಟಕ್ಕೆ ಏರಿಸಿದರು. ಗೌಡರು ತೊಂಬತ್ತಕ್ಕೆ ಎತ್ತು ಹಿಡಿದರು. ಹನ್ನೊಂದೂವರೆಗೆ ಎಪ್ಪತ್ತಾರು ರೂಪಾಯಿಗೆ ಹೋರಿಗಳ ಜೋಡಿ ಕೊಂಡೆ. ಈಗ ಅವು ಚೌಕಿಯ ಮುಂದೆ ಹವಾಲ್ದಾರರ ಬೇಲಿ ತಿನ್ನುತ್ತಿವೆ. ಈ ವರ್ಷ ನಮ್ಮ ಹೊಲ ಬಿತ್ತನೆಯಾಗುತ್ತದೆ! ಆಮೇಲೆ ಫಕ್ಕೀರವ್ವ ಎಂಬವಳು ತನ್ನ ಎಮ್ಮೆಗೂ ನಾನೇ ದರ ಮಾಡಿಸಬೇಕೆಂದು ಸೆರಗು ಹಿಡಿದಳು. ಅವಳ ಹಿಂದೆ ಇನ್ನೂ ನಾಲ್ವರು ಬಂದರು. ನಾಲ್ಕು ಗಂಟೆಯವರೆಗೆ ಉಣ್ಣಲಿಕ್ಕೂ ಬಿಡುವಾಗಲಿಲ್ಲ.

ಟವಲು ಎಳೆದದ್ದು ಖರೆ, ಅದು ಇದೇ ಮೇಜಿನ ಮೇಲಿದೆ. ದ್ಯಾಮಣ್ಣ ಒಯ್ಯಲಿ. ಅದರ ಕೆಳಗೆ ಕೈ ಹಾಕಿದ್ದೂ ಖರೆ. ಬರುವ ಸಂತೆಗೆ ಹವಾಲ್ದಾರರ ಅಳಿಯ ಆಕಳು ಮಾರಲು ತರುತ್ತಾನಂತೆ, ನಾನು ಬಂದು ನಿಲ್ಲುತ್ತೇನೆಯೇ ಎಂದು ಅವರು ಈಗಷ್ಟೇ ಕೇಳಿದರು. ಬರ್ತೇನ್ರಿ, ಆದರೆ ಕೇಳಿದ್ದನ್ನೂ ಇದರಲ್ಲಿ ಬರೆಯಿರಿ ಎಂದೆ. ಬರೆದಿದ್ದಾರೆ.

ಇದನ್ನು ನನಗೆ ಎರಡು ಸಲ ಓದಿ ಹೇಳಿದರು. ಒಂದಕ್ಷರವೂ ಸುಳ್ಳಿಲ್ಲ, ನಾನು ಹೇಳಿದಂತೆಯೇ ಇದೆ.

ಹಂಸಭಾವಿ ಪೊಲೀಸ್ ಚೌಕಿ
ತಾ. 18ನೇ ಮೇ 1939, ಸಂಜೆ ಐದೂವರೆ
ಚಾಂದಬಿ ಇವಳ ಎಡಗೈ ಹೆಬ್ಬೆಟ್ಟು