ಕುಂಕುಮ ಹಚ್ಚಿದ ರೆಕಾರ್ಡು

ಶಹಾಪುರದಿಂದ ಯಾದಗಿರಿಗೆ ಹೊರಟ ಬಸ್ಸು. ಮುಂದಿನ ಸೀಟಿನಲ್ಲಿ ಒಬ್ಬ ಮುದುಕಿ, ಪಕ್ಕದಲ್ಲಿ ಮೊಮ್ಮಗಳು. ಮೊಮ್ಮಗಳ ಫೋನಿನ ತುಂಬ ರೆಕಾರ್ಡ್ ಪ್ಲೇಯರುಗಳು.

“ಆಯಿ, ಈ ಪೆಟ್ಟಿಗಿಯಂಥಾದ್ರಾಗ ಸ್ಪೀಕರು ಒಳಗೇ ಅದ.”

“ಅದನ್ನೇ ತರಿಸು ಮತ್ತ.”

“ಇದರ ಸೂಜಿ ಭಾಳ ಭಾರ, ರೆಕಾರ್ಡ್ ಕೆರೀತದ. ಅಷ್ಟೇ ರೊಕ್ಕಕ್ಕ ಇನ್ನೊಂದದ, ಸೂಜಿ ಹಗುರ ಮಾಡ್ಲಿಕ್ಕ ಬರ್ತದ. ಆದ್ರ ಸ್ಪೀಕರಿಲ್ಲ.”

“ಭಜನಿ ಮ್ಯಾಳದ ಸ್ಪೀಕರಿಗೆ ಹಚ್ಚಮು.”

“ಊರಿಗೆಲ್ಲಾ ಕೇಳ್ತದ!”

“ಕೇಳ್ಲಿ. ಮದುವಿಕಿಂತ ಮೊದಲ ಹೈದ್ರಾಬಾದಿಗೆ ಹೋಗಿ ಆ ರೆಕಾರ್ಡಿನಾಗ ಹಾಡಿದಾಕಿ ನಾನೇ ಅಂದ್ರ ಕಟ್ಕೊಂಡ ಗಂಡ, ನಿಮ್ಮ ಮುತ್ಯಾನೇ ಇವತ್ತಿಗೂ ನಂಬವಲ್ಲ.”

“ರೆಕಾರ್ಡ್ ಚಂದ ಇಟ್ಟೀಯಿಲ್ಲ?”

“ದೇವರ ಮಾಡದಾಗ ಇಟ್ಟೀನಿ. ಮಹಾನವಮಿಗೊಮ್ಮಿ ಕುಂಕುಮ, ವಿಭೂತಿ ಹಚ್ತೀನಿ.”

“ಕವರಿಗೇನು?”

“ಕವರಿಗ್ಯಾಕ? ತಟ್ಟಿಗೇ. ಎರಡೂ ಕಡಿ.”

ಮೊಮ್ಮಗಳು ಹಣೆ ಬಡಿದುಕೊಂಡು ನಕ್ಕಳು.

“ಅಯ್ಯ ಆಯಿ! ಗೆರಿಯೊಳಗೆಲ್ಲಾ ತುಂಬಿರ್ತದ. ಮೊದಲ ತೊಳೀಬೇಕು.”

“ತೊಳದ್ರ ಹಾಡು ಹೋಗಂಗಿಲ್ಲಲ್ಲ?”

“ಹೋಗಂಗಿಲ್ಲ. ಆದ್ರ ಕುಂಕುಮ ತೊಳದ್ರ ಮುತ್ಯಾ ಬೈತಾನ. ದಿನಾ ಜಳಕ ಮಾಡಿ ಅದಕ್ಕ ಕೈ ಮುಗೀತಾನಲ್ಲ.”

ಬಸ್ಸು ನಿಂತಿತು. ಮುದುಕಿ ಸೆರಗು ಸರಿಮಾಡಿಕೊಂಡು ಎದ್ದಳು.

“ಹಾಡು ಕೇಳ್ಲಿ ತಡಿ. ಇನ್ನ ಮ್ಯಾಲ ಯಾರಿಗೆ ಕೈ ಮುಗ್ಯಾಕತ್ತೀನಿ ಅಂತ ಗೊತ್ತಿದ್ದು ಮುಗೀಲಿ!”

ಇಬ್ಬರೂ ನಗುತ್ತಲೇ ಇಳಿದುಹೋದರು.